ಹಳಿಯ ಸಂದು

ಕ್ಯಾತನಹಳ್ಳಿ
8-9-1996

ಚಿ. ಸುನಿತಾಳಿಗೆ ಸೋದರಮಾವ ಚಿಕ್ಕಸ್ವಾಮಿ ಬರೆಯುವುದು.

ಹದಿನೇಳನೇ ವಯಸ್ಸಿನಲ್ಲಿ ಮೈಸೂರಿನ ಮೇಲ್ ಗಾಡಿಯನ್ನು ಪಾಂಡವಪುರದ ಹತ್ತಿರ ಬರಿಗೈಯಲ್ಲಿ ತಡೆದು ನಿಲ್ಲಿಸಿದವನು ಇಡೀ ಇಂಡಿಯಾದಲ್ಲಿ ನಾನೊಬ್ಬನೇ. ಎಂಜಿನ್ನನ್ನು ಎದೆಗೆ ಒತ್ತಿಕೊಂಡು ಮೂರು ಮಾರು ಹಿಂದಕ್ಕೆ ಸರಿದೆ, ಅಷ್ಟೆ. ಡ್ರೈವರ್ ಇಳಿದು ಬಂದು ಕೈಮುಗಿದ. ನಿಮ್ಮಮ್ಮ ಸೋಮಮ್ಮ ಇದನ್ನು ನಂಬುವುದಿಲ್ಲ. ಅವಳು ನನ್ನ ತಂಗಿಯಾಗಿಯೂ ನಾನು ಏಳನೇ ಕ್ಲಾಸು ಪಾಸಾದದ್ದನ್ನೇ ಇನ್ನೂ ನಂಬಿಲ್ಲ. ಇರಲಿ. ಈಗ ಆ ರೈಲ್ವೆಯೇ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದೆ.

ಶ್ರೀರಂಗಪಟ್ಟಣದಲ್ಲಿ ನರಸಯ್ಯ ಅಂತ ರಿಟೈರ್ಡ್ ಇಂಜಿನಿಯರು ಇದ್ದರು. ಜರ್ಮನಿಯಲ್ಲಿ ಆರು ವರ್ಷ ಕೆಲಸ ಮಾಡಿ ಬಂದವರು. ಹೋದ ವರ್ಷ ತೀರಿಕೊಂಡರು. ಅಲ್ಲಿಂದ ಅವರು ತಂದಿದ್ದ ಆಟದ ರೈಲನ್ನು ಅವರ ಮನೆಯವರು ನನಗೆ ಕೊಟ್ಟಿದ್ದಾರೆ. ಆಟದ್ದು ಅಂದರೆ ಕೀಲಿ ತಿರುಗಿಸಿ ಬಿಡುವ ತಗಡಿನ ಗಾಡಿ ಅಂದುಕೊಳ್ಳಬೇಡ. ಕಬ್ಬಿಣದ ಕಾಲಿನ ಎರಡು ದೊಡ್ಡ ಮೇಜು, ಮೇಲೆ ಹಳಿ, ಸ್ಟೇಷನ್ನು, ಸುರಂಗ, ಗೇಣುದ್ದದ ನಾಲ್ಕು ಎಂಜಿನ್ನು, ಹದಿನೆಂಟು ಬೋಗಿ. ಇದಕ್ಕೆಲ್ಲ ಯಜಮಾನ ಒಂದು ಡಬ್ಬಿ. ಡಬ್ಬಿಯಲ್ಲಿ ಮೂರು ಒತ್ತಿದರೆ ಮೂರನೇ ಎಂಜಿನ್ ಮಾತ್ರ ಹೊರಡುತ್ತದೆ, ಉಳಿದವು ಅದೇ ಹಳಿಯ ಮೇಲೆ ಅಲ್ಲಾಡದೆ ನಿಂತಿರುತ್ತವೆ. ಕೊಟ್ಟಿಗೆಯಲ್ಲಿ ನಾಲ್ಕು ಹಸು ಕಟ್ಟಿದ್ದರೂ ಹೆಸರು ಹಿಡಿದು ಕರೆದರೆ ಒಂದೇ ತಲೆ ಎತ್ತುತ್ತದಲ್ಲ, ಹಾಗೆ. ಇದಕ್ಕೆ ಡಿಜಿಟಲ್ ಅನ್ನುತ್ತಾರಂತೆ. ನಮ್ಮ ಹಸುಗಳು ಮೊದಲಿನಿಂದಲೂ ಡಿಜಿಟಲ್ ಎಂದು ಈಗ ಗೊತ್ತಾಯಿತು.

ಇದನ್ನು ಊರೂರಿಗೆ ಹೊತ್ತುಕೊಂಡು ಹೋಗಿ, ಎರಡು ರೂಪಾಯಿ ಟಿಕೆಟ್ ಇಟ್ಟು ತೋರಿಸುವುದು ನನ್ನ ಯೋಜನೆ. ಹಳಿಗೆ ಧೂಳು ಕೂತರೆ ಗಾಡಿ ಮುಗ್ಗರಿಸುತ್ತದೆ, ದಿನಾ ಬಟ್ಟೆಯಲ್ಲಿ ಒರೆಸಬೇಕು. ನನ್ನ ಕೈ ಮೋಟಾರು ಎತ್ತುವ ಕೈ. ಆದ್ದರಿಂದ ಆ ಕೆಲಸ ನಿನ್ನ ಅತ್ತೆಗೆ ವಹಿಸಿದ್ದೇನೆ. ಪುಟ್ಟಗೌರಮ್ಮನವರು ಬಟ್ಟೆ ಹಿಡಿದುಕೊಂಡು ಅಕ್ಕಪಕ್ಕದವರಿಗೆ ಕೇಳುವ ಹಾಗೆ ಅಂದದ್ದು ಇಷ್ಟು: "ಮಕ್ಳಿಲ್ಲದ ಮನೆಗೆ ಆಟದ್ ಸಾಮಾನು ತಂದವ್ರೆ, ನೋಡ್ರವ್ವ."

ಒಂದೇ ತೊಡಕು. ಹಳಿ ಒಂದು ಕಡೆ ದುಂಡಗೆ ಸುತ್ತಿಕೊಂಡು ಬಂದ ದಾರಿಗೇ ಸೇರುತ್ತದೆ. ಅಲ್ಲಿ ಹಳಿಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿದ್ದರು. ನಾಲೆ ಏರಿಯಲ್ಲಿ ಸಂದು ಕಂಡರೆ ಸುಮ್ಮನಿರುವ ವಂಶ ನಮ್ಮದಲ್ಲ. ಕಾದ ಕಡ್ಡಿ ತಂದು ಬೆಸುಗೆ ಹಾಕಿ ಮುಚ್ಚಿದೆ. ಅವತ್ತಿನಿಂದ ಗಾಡಿ ಸುತ್ತು ಮುಗಿಸಿ ಹೊರಗೆ ಬರುವಾಗ ಡಬ್ಬಿ ಠಿಕ್ ಅನ್ನುತ್ತದೆ, ಕೆಂಪು ದೀಪ ಹತ್ತುತ್ತದೆ, ಎಲ್ಲ ನಿಂತುಹೋಗುತ್ತದೆ. ನನಗೆ ಕಾರಣ ಗೊತ್ತು. ನೀನು ಎಲೆಕ್ಟ್ರಾನಿಕ್ಸ್ ಓದಿ ಪುಣೆಯ ಫ್ಯಾಕ್ಟರಿಯಲ್ಲಿ ತರಬೇತಿಗೆ ಕೂತಿದ್ದೀಯಲ್ಲ, ನಿನಗೆ ಎಷ್ಟು ಗೊತ್ತು ಎಂದು ಪರೀಕ್ಷೆ ಮಾಡಲು ಕೇಳುತ್ತಿದ್ದೇನೆ.

ಒಬ್ಬಳೇ ಇದ್ದೀಯ, ಹೊತ್ತಿಗೆ ಉಣ್ಣು.

ರೈಲ್ವೆ ಧಣಿ,
ನಿನ್ನ ಮಾವ ಚಿಕ್ಕಸ್ವಾಮಿ

*

ಪುಣೆ
21-9-1996

ಮಾವನವರಿಗೆ ಸುನಿತಾಳ ನಮಸ್ಕಾರ.

ಆ ಸಂದು ಒಡಕಲ್ಲ ಮಾವ, ಬೇಕೆಂದೇ ಬಿಟ್ಟದ್ದು. ಹಳಿ ಸುತ್ತಿಕೊಂಡು ತನ್ನ ದಾರಿಗೇ ಬಂದು ಸೇರುವ ಕಡೆ ಎಡಗಡೆಯ ಹಳಿ ಬಲಗಡೆಯದನ್ನು ಮುಟ್ಟುತ್ತದೆ. ಮನೆಯ ಎರಡು ವೈರನ್ನು ಒಂದಕ್ಕೊಂದು ತಾಗಿಸಿದ ಹಾಗೆ. ಸಂದು ಇದ್ದರೆ ತಾಗುವುದಿಲ್ಲ. ಗರಗಸದ ಬ್ಲೇಡಿನಿಂದ ನಿಮ್ಮ ಬೆಸುಗೆಯನ್ನು ಕೊಯ್ದುಬಿಡಿ, ಕೆಂಪು ದೀಪ ಹತ್ತುವುದಿಲ್ಲ.

ಡಬ್ಬಿ ತಾನಾಗಿ ನಿಲ್ಲುವುದು ಅದರ ರೋಗವಲ್ಲ, ಬುದ್ಧಿ. ಅದನ್ನು ಬಿಚ್ಚಲು ಹೋಗಬೇಡಿ. ಪಂಪ್‌ಸೆಟ್ಟಿನ ಫ್ಯೂಸಿಗೆ ದಪ್ಪ ತಂತಿ ಕಟ್ಟುವ ಹಾಗೆ ಇಲ್ಲಿ ಏನೂ ಕಟ್ಟಬೇಡಿ.

ಇನ್ನೊಂದು ಮಾತು. ಗಾಡಿ ನಿಂತಿದ್ದರೂ ಈ ಹಳಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಎಂಜಿನ್ನಿಗೆ ಕರೆ ಹೋಗುವುದೇ ಅದರ ಮೂಲಕ. ಹದಿನೆಂಟು ವೋಲ್ಟು ಅಷ್ಟೆ, ಮುಟ್ಟಿದರೆ ಗೊತ್ತೂ ಆಗುವುದಿಲ್ಲ. ಆದರೂ ಅತ್ತೆ ಒರೆಸುವಾಗ ಪ್ಲಗ್ಗು ಕಿತ್ತಿಡಿ.

ಮಕ್ಕಳಿಲ್ಲ ಎಂದು ಅತ್ತೆಗೆ ಬೇಜಾರಾದರೆ ನನ್ನನ್ನು ನೆನೆಸಿಕೊಳ್ಳಲು ಹೇಳಿ.

ನಿಮ್ಮ ಸೊಸೆ,
ಸುನಿತಾ

*

ಕ್ಯಾತನಹಳ್ಳಿ
23-10-1996

ಚಿ. ಸುನಿತಾಳಿಗೆ,

ನಿನ್ನ ಕಾಗದ ಬರುವಷ್ಟರಲ್ಲಿ ನಾನೇ ಎಲ್ಲವನ್ನೂ ಕಂಡುಹಿಡಿದಿದ್ದೆ. ಸ್ವಲ್ಪ ಬೇರೆ ದಾರಿಯಲ್ಲಿ ಕಂಡುಹಿಡಿದೆ ಅನ್ನುವುದು ಬೇರೆ ಮಾತು.

ಪಾಂಡವಪುರದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಕರಿಯಪ್ಪನನ್ನು ಕರೆಸಿ ಡಬ್ಬಿ ಬಿಚ್ಚಿಸಿದ್ದೆ. ಠಿಕ್ ಅನ್ನುವ ಭಾಗಕ್ಕೆ ಅವನು ಒಂದು ತಂತಿ ಅಡ್ಡ ಹಾಕಿ ಬಾಯಿ ಮುಚ್ಚಿಸಿದ. ಗಾಡಿ ಬೆಸುಗೆ ದಾಟುವಾಗ ಕಿಡಿ ಹಾರಿಸಿಕೊಂಡು ಅರ್ಧ ಗಂಟೆ ಚೆನ್ನಾಗಿಯೇ ಓಡಿತು. ಆಮೇಲೆ ಆಲೆಮನೆಯಲ್ಲಿ ಪಾಕ ತಳ ಹತ್ತಿದ ವಾಸನೆ ಬಂತು. ಮನೆಯ ಕರೆಂಟನ್ನು ಇಳಿಸಿ ಡಬ್ಬಿಗೆ ಕೊಡುವ ಜರ್ಮನಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಅಷ್ಟರಲ್ಲಿ ನಿನ್ನ ಕಾಗದ ಬಂತು. ನೀನು ಹೇಳಿದ್ದೀಯ ಅನ್ನುವ ಒಂದೇ ಕಾರಣಕ್ಕೆ ಬೆಸುಗೆ ಕೊಯ್ದೆ, ಡಬ್ಬಿಯಲ್ಲಿ ಅಡ್ಡ ಹಾಕಿದ್ದ ತಂತಿ ತೆಗೆಸಿದೆ. ಟ್ರಾನ್ಸ್‌ಫಾರ್ಮರನ್ನು ಕರಿಯಪ್ಪ ಹೊಸದಾಗಿ ಸುತ್ತಿಕೊಟ್ಟ. ಜರ್ಮನಿಯದಕ್ಕಿಂತ ಅರ್ಧದಷ್ಟು ತೂಕ. ಈಗ ಹೂವಿನಂತೆ ಓಡುತ್ತದೆ.

ಆಯುಧಪೂಜೆಯ ದಿನ ನಾಲ್ಕು ಎಂಜಿನ್ನಿಗೂ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದೆವು. ಸ್ಟೇಷನ್ ಹಿಂದೆ ಚಾಮುಂಡಮ್ಮನ ಪಟ ಇಟ್ಟಿದ್ದೇನೆ. ಊರಿನವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದರು. ಜರ್ಮನಿಯಲ್ಲಿ ಇದಕ್ಕೆ ಈ ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ನಿನ್ನ ಅತ್ತೆ ಮಾರನೆಯ ದಿನ ಬೆಳಿಗ್ಗೆ ಹಳಿ ಒರೆಸುತ್ತಾ ಬೆರಳಿಗೆ ಇರುವೆ ಕಚ್ಚಿದ ಹಾಗಾಯಿತು ಎಂದಳು. ನೋಡಿದೆ, ಇರುವೆ ಇರಲಿಲ್ಲ. ಹುಣಸೆಹಣ್ಣು ಹಿಂಡಿದ ಕೈ, ಎಲ್ಲೋ ಗೀರಿರಬೇಕು. ಪ್ಲಗ್ಗು ಕೀಳಲು ನೀನು ಬರೆದಿದ್ದೆ. ಆದರೆ ಡಬ್ಬಿಯ ದೀಪ ಹತ್ತಿರುವಾಗ ಒರೆಸಿದರೆ ಎಲ್ಲಿ ಕೊಳೆ ಉಳಿಯಿತು ಎಂದು ಗಾಡಿ ಬಿಟ್ಟು ಆಗಲೇ ನೋಡಬಹುದು. ಕೆಲಸ ಮಾಡುವವರಿಗೆ ಮಾತ್ರ ತಿಳಿಯುವ ಸೂಕ್ಷ್ಮ ಇದು.

ಶ್ರೀರಂಗಪಟ್ಟಣದಲ್ಲಿ ಒಂದು ಹಾಲ್ ಗೊತ್ತುಮಾಡಿದ್ದೇನೆ. ನರಸಯ್ಯನವರ ಊರಿನಿಂದಲೇ ಪ್ರಾರಂಭ.

ಹಬ್ಬದ ಹೋಳಿಗೆ ನಿನ್ನ ಪಾಲಿನದು ನಾನೇ ತಿಂದೆ.
ಚಿಕ್ಕಸ್ವಾಮಿ

*

ಪುಣೆ
4-11-1996

ಮಾವ,

ಹದಿನೆಂಟು ವೋಲ್ಟು ಇರುವೆಯ ಹಾಗೆ ಕಚ್ಚುವುದಿಲ್ಲ. ಒಣ ಕೈಗೆ ಅದು ತಿಳಿಯುವುದೇ ಇಲ್ಲ. ನಾನಿಲ್ಲಿ ದಿನಾ ಮುಟ್ಟುತ್ತೇನೆ.

ದಯವಿಟ್ಟು ಎರಡು ಕೆಲಸ ಮಾಡಿ. ಕರಿಯಪ್ಪನವರು ಒಳಗೆ ಎರಡು ಸುರುಳಿಯನ್ನು ಬೇರೆಬೇರೆಯಾಗಿ ಸುತ್ತಿದ್ದಾರೋ, ಒಂದೇ ಸುರುಳಿಯೋ ಕೇಳಿ ಬರೆಯಿರಿ. ಕರೆಂಟು ಇರುವಾಗ ಟೆಸ್ಟರನ್ನು ಹಳಿಗೆ ಮುಟ್ಟಿಸಿ, ದೀಪ ಹತ್ತುತ್ತದೆಯೋ ನೋಡಿ. ಹತ್ತಿದರೆ ಆ ಕ್ಷಣವೇ ಎಲ್ಲ ನಿಲ್ಲಿಸಿ.

ಅಲ್ಲಿಯವರೆಗೆ ಯಾರನ್ನೂ ಬರಿಗಾಲಲ್ಲಿ ಹತ್ತಿರ ಬಿಡಬೇಡಿ. ಅತ್ತೆಯನ್ನಂತೂ ಬಿಡಲೇಬೇಡಿ.

ಬೇಗ ಬರೆಯಿರಿ.
ಸುನಿತಾ

*

ಕೆ.ಆರ್.ಪೇಟೆ
18-12-1996

ಚಿ. ಸುನಿತಾಳಿಗೆ,

ಬರೆಯಲು ತಡವಾಯಿತು. ದೊಡ್ಡ ಮನುಷ್ಯರಿಗೆ ಪುರುಸೊತ್ತು ಕಡಿಮೆ. ಶ್ರೀರಂಗಪಟ್ಟಣದಲ್ಲಿ ಮೂರು ವಾರ ಜನ ಬಿದ್ದು ಬಿದ್ದು ಬಂದರು. ನರಸಯ್ಯನವರ ಮನೆಯಾಕೆಯೂ ಬಂದಿದ್ದರು. ಗಾಡಿ ಓಡುವುದನ್ನು ಸ್ವಲ್ಪ ಹೊತ್ತು ನೋಡಿ, ನಮ್ಮ ಯಜಮಾನರು ಯಾರನ್ನೂ ಹಳಿ ಮುಟ್ಟಲು ಬಿಡುತ್ತಿರಲಿಲ್ಲ ಎಂದಷ್ಟೇ ಹೇಳಿ ಹೋದರು. ಸತ್ತವರಿಗೆ ಜಿಪುಣತನ ಇತ್ತು ಎಂದು ನಾವು ಆಡಬಾರದು.

ನೀನು ಹೇಳಿದ ಹಾಗೆ ಅಲ್ಲಿ ಟೆಸ್ಟರ್ ಹಿಡಿದು ನೋಡಿದೆ. ದೀಪ ಹತ್ತಲಿಲ್ಲ. ನಿನ್ನ ಪುಣೆ ವಿದ್ಯೆಗೂ ನನ್ನ ಅನುಭವಕ್ಕೂ ಅಷ್ಟು ದೂರ ಇದೆ. ಕರಿಯಪ್ಪನನ್ನೂ ಕೇಳಿದೆ. "ಒಂದೇ ಸುತ್ತು ಕಣ್ ಗೌಡ. ನಡುವೆ ಒಂದ್ ತಂತಿ ಎಳ್ದಿವ್ನಿ, ಅದ್ನೆಂಟು ಬತ್ತದೆ. ಓಲ್ಟೇಜು ಏರ್ಸೋ ಡಬ್ಬಿನೆಲ್ಲ ನಾವು ಅಂಗೇ ಸುತ್ತೋದು," ಎಂದ. ಅರ್ಧ ಕೇಜಿ ತಾಮ್ರ ಉಳಿಸಿಕೊಟ್ಟಿದ್ದಾನೆ. ಈ ಸೀಮೆಯ ಅರ್ಧ ಮನೆಗಳಲ್ಲಿ ಟೀವಿ ಓಡುವುದೇ ಅವನು ಸುತ್ತಿದ ಡಬ್ಬಿಯಿಂದ.

ಇಲ್ಲಿ ಕೆ.ಆರ್.ಪೇಟೆಯಲ್ಲಿ ಹಳೆಯ ಅಕ್ಕಿ ಮಿಲ್ಲಿನ ಗೋದಾಮು ಸಿಕ್ಕಿದೆ. ಮಣ್ಣಿನ ನೆಲ. ಧೂಳು ಏಳಬಾರದೆಂದು ದಿನಾ ಬೆಳಿಗ್ಗೆ ಸಗಣಿ ನೀರು ಹಾಕಿ ಸಾರಿಸುತ್ತೇವೆ. ಚಾಮುಂಡಮ್ಮನ ಪಟ ನೋಡಿ ಜನ ತಾವಾಗಿಯೇ ಚಪ್ಪಲಿ ಬಿಡುತ್ತಾರೆ. ಅದನ್ನು ಬೇಡ ಎನ್ನಲು ನಾನು ಯಾರು? ಸಂತೆಬಾಚಹಳ್ಳಿಯಿಂದ ನಿಮ್ಮಮ್ಮನೂ ಬಂದು, ನೋಡಿ, ಮೂರನೇ ಎಂಜಿನ್ನಿಗೆ ಕಾಲು ರೂಪಾಯಿ ಕಾಣಿಕೆ ಇಟ್ಟಳು. ಟಿಕೆಟ್ ಮಾತ್ರ ತೆಗೆದುಕೊಳ್ಳಲಿಲ್ಲ.

ನಿನ್ನ ಅತ್ತೆಯದು ಒಂದು ಹೊಸ ರಾಗ. ಇಲ್ಲಿಗೆ ಬಂದ ಮೇಲೆ ಮತ್ತೆ ಇರುವೆ ಅನ್ನುತ್ತಾಳೆ. ಒಂದು ದಿನ ಏನೂ ಇಲ್ಲ, ಮಾರನೆಯ ದಿನ ಮೊಣಕೈವರೆಗೂ ಜುಮ್ಮೆನ್ನುತ್ತದಂತೆ. ಸೋಮವಾರ ಬಟ್ಟೆ ಬಿಸಾಡಿ ಮೂಲೆಗೆ ಹೋಗಿ ಕೂತಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನೀನೂ ನಗು: "ಅದು ದಿನಾ ಕಚ್ಚಾಕಿಲ್ಲ. ಆರಿಸ್ಕಂಡು ಕಚ್ತದೆ."

ಮೊನ್ನೆ ರಾತ್ರಿ ಪ್ಲಗ್ಗು ಕೀಳುವುದು ಮರೆತಿತ್ತು. ನಿನ್ನೆ ಬಾಗಿಲು ತೆಗೆದಾಗ ಒಂದು ಹೆಗ್ಗಣ ಮೇಜಿನ ಅಂಚಿನಲ್ಲಿ ಸತ್ತಿತ್ತು. ಹಿಂಗಾಲು ಕಬ್ಬಿಣದ ಕಾಲಿನ ಮೇಲೆ, ಮೂತಿ ಹಳಿಯ ಮೇಲೆ. ಹಲ್ಲು ಬಿಟ್ಟುಕೊಂಡಿತ್ತು. ಟಿಕೆಟ್ ಇಲ್ಲದೆ ಹತ್ತಿದರೆ ಇದೇ ಗತಿ ಎಂದು ಜನರಿಗೆ ಹೇಳಿದೆ, ಎಲ್ಲರೂ ನಕ್ಕರು. ನಿನ್ನ ಅತ್ತೆ ನಗಲಿಲ್ಲ. ಅದನ್ನು ಎತ್ತಿ ಹಾಕಿ, ಕೈ ತೊಳೆದುಕೊಂಡು ಬಂದು ಒರೆಸತೊಡಗಿದಳು.

ಒಂದನೇ ತಾರೀಕಿನಿಂದ ನಾಗಮಂಗಲ. ಅಲ್ಲಿನ ವಿಳಾಸ ಕೆಳಗೆ ಬರೆದಿದ್ದೇನೆ.

ಮಾವ

*

ಪುಣೆ
28-12-1996

ಮಾವ,

ಈ ಕಾಗದ ಸಿಕ್ಕಿದ ತಕ್ಷಣ ಪ್ಲಗ್ಗು ಕಿತ್ತುಹಾಕಿ. ಮುಂದಿನದನ್ನು ಆಮೇಲೆ ಓದಿ.

ಒಂದೇ ಸುರುಳಿ ಅಂದರೆ ಮನೆಯ ಕರೆಂಟಿಗೂ ನಿಮ್ಮ ಹಳಿಗೂ ನಡುವೆ ಗೋಡೆಯೇ ಇಲ್ಲ. ಒಂದೇ ತಂತಿ ಕಂಬದಿಂದ ಹಳಿಯವರೆಗೆ. ನಿಮ್ಮದು ಎರಡು ಕಡ್ಡಿಯ ಪ್ಲಗ್ಗು. ಅದನ್ನು ಒಂದು ಮುಖವಾಗಿ ಚುಚ್ಚಿದರೆ ಏನೂ ಆಗುವುದಿಲ್ಲ, ಟೆಸ್ಟರೂ ಹತ್ತುವುದಿಲ್ಲ. ಮಗುಚಿ ಚುಚ್ಚಿದರೆ ಇನ್ನೂರಮೂವತ್ತು ವೋಲ್ಟು ಹಳಿಗೆ ಬರುತ್ತದೆ. ಗಾಡಿ ಎರಡು ಸಲವೂ ಒಂದೇ ಥರ ಓಡುತ್ತದೆ, ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಅತ್ತೆ ಹೇಳಿದ್ದು ನಿಜ, ಮಾವ. ಆರಿಸಿಕೊಂಡೇ ಕಚ್ಚುತ್ತಿದೆ. ಆರಿಸುತ್ತಿರುವುದು ನೀವು, ದಿನಾ ಬೆಳಿಗ್ಗೆ ಪ್ಲಗ್ಗು ಚುಚ್ಚುವಾಗ.

ಅತ್ತೆ ಇಲ್ಲಿಯವರೆಗೆ ಹೇಗೋ ಉಳಿದುಕೊಂಡಿದ್ದಾರೆ, ಅವರು ನಿಂತ ಕಡೆ ನೆಲ ಒಣಗಿದ್ದಿರಬೇಕು. ಸಾರಿಸಿದ ಹಸಿ ನೆಲ, ಬರಿಗಾಲು, ಒದ್ದೆ ಬಟ್ಟೆ ಮೂರೂ ಸೇರಿದರೆ ಉಳಿಯುವುದಿಲ್ಲ. ಆ ಹೆಗ್ಗಣ ಉಳಿಯಲಿಲ್ಲ.

ಅತ್ತೆಗೆ ಈ ಕಾಗದ ಓದಿ ಹೇಳಿ. ಅವರು ಹಳಿ ಮುಟ್ಟಬಾರದು. ಹದಿನಾಲ್ಕನೇ ತಾರೀಕು ಸಂಕ್ರಾಂತಿಗೆ ರಜ ಸಿಕ್ಕಿದೆ. ಎರಡು ಸುರುಳಿಯ ಸರಿಯಾದ ಟ್ರಾನ್ಸ್‌ಫಾರ್ಮರ್ ನಾನೇ ಮಾಡಿ ತರುತ್ತೇನೆ. ಅಲ್ಲಿಯವರೆಗೆ ಬಾಗಿಲು ಹಾಕಿಬಿಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಸುನಿತಾ

*

ನಾಗಮಂಗಲ
6-1-1997

ಚಿ. ಸುನಿತಾಳಿಗೆ,

ನಿನ್ನಿಂದ ಕಾಗದವೇ ಇಲ್ಲ. ಪೋಸ್ಟಿನವರು ಎಲ್ಲಿ ಕಳೆದರೋ. ಇಲ್ಲಿ ಎಲ್ಲ ಚೆನ್ನಾಗಿದೆ. ನಾಡಿದ್ದು ಮೂರು ಶಾಲೆಯ ಮಕ್ಕಳು ಒಟ್ಟಿಗೆ ಬರುತ್ತಾರೆ, ಮೇಷ್ಟರುಗಳು ಮುಂಗಡ ಕೊಟ್ಟು ಹೋಗಿದ್ದಾರೆ. ನೂಕುನುಗ್ಗಲು ಆಗಬಾರದೆಂದು ಮೇಜಿಗೂ ಜನಕ್ಕೂ ನಡುವೆ ಎರಡು ಮಾರು ಬಿಟ್ಟು ಹಗ್ಗ ಕಟ್ಟಿಸಿದ್ದೇನೆ. ಬೇರೆ ಕಾರಣ ಏನಿಲ್ಲ.

ಹದಿನಾಲ್ಕಕ್ಕೆ ಬರುವಾಗ ದಾರಿಗೆ ರೊಟ್ಟಿ ಕಟ್ಟಿಸಿಕೊಂಡು ಬಾ.

ಮಾವ

*

ಕ್ಯಾತನಹಳ್ಳಿ
20-3-1997

ಸುನಿತಾ,

ಸಂಕ್ರಾಂತಿಗೆ ನೀನು ಬಂದು, ಮೈಸೂರಿನ ಆಸ್ಪತ್ರೆಯಲ್ಲಿ ನಿನ್ನ ಅತ್ತೆಯ ಪಕ್ಕ ನಾಲ್ಕು ದಿನ ಕೂತು, ನನ್ನ ಮುಖ ನೋಡದೆ ವಾಪಸ್ ಹೋದೆ. ನಾನು ಸಿಟ್ಟಾಗಿಲ್ಲ. ನಿನಗೆ ಅನುಮಾನ ಬಂದಿತ್ತು, ಕೇಳಲಿಲ್ಲ. ಕೇಳದೆ ಇದ್ದರೂ ಹೇಳುತ್ತೇನೆ.

ನಿನ್ನ ಇಪ್ಪತ್ತೆಂಟನೇ ತಾರೀಕಿನ ಕಾಗದ ಜನವರಿ ನಾಲ್ಕಕ್ಕೇ ನನ್ನ ಕೈಗೆ ಬಂದಿತ್ತು. ಎರಡು ಸಲ ಓದಿದೆ. ಅವತ್ತು ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು, ಪ್ಲಗ್ಗನ್ನು ಮಗುಚಿ ಚುಚ್ಚಿ ಟೆಸ್ಟರ್ ಹಿಡಿದೆ. ದೀಪ ಹತ್ತಿತು. ಬೇರೆ ಯಾರೂ ಇರಲಿಲ್ಲ, ನಾನೊಬ್ಬನೇ ನೋಡಿದೆ. ಪ್ಲಗ್ಗಿನ ಒಂದು ಪಕ್ಕಕ್ಕೆ ಸುಣ್ಣದ ಬೊಟ್ಟು ಇಟ್ಟೆ, ಆ ಬೊಟ್ಟು ಮೇಲೆ ಬರುವ ಹಾಗೆ ಚುಚ್ಚಿದರೆ ಸಾಕು ಎಂದುಕೊಂಡೆ. ಮಕ್ಕಳು ಮುಟ್ಟಬಾರದೆಂದು ಹಗ್ಗ ಕಟ್ಟಿದೆ.

ನಿನ್ನ ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಮುಟ್ಟುತ್ತಿರಲಿಲ್ಲ. ಅವಳು ಸರಿ, ನಾನು ತಪ್ಪು ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಮೂರು ಊರಿನಲ್ಲಿ ಜನರ ಎದುರಿಗೆ ಅವಳ ಇರುವೆಯನ್ನು ಆಡಿಕೊಂಡು ನಗಿಸಿದ್ದೆ. ಅಷ್ಟೇ ಕಾರಣ. ಬೇರೆ ಯಾವ ಕಾರಣವೂ ಇಲ್ಲ, ಹುಡುಕಿ ನೋಡಿದ್ದೇನೆ.

ಎಂಟನೇ ತಾರೀಕು ಬೆಳಿಗ್ಗೆ ಬಾಗಿಲ ಹೊರಗೆ ಮಕ್ಕಳು ಸಾಲಾಗಿ ಚಪ್ಪಲಿ ಬಿಡುತ್ತಿದ್ದರು. ನೆಲ ಆಗ ತಾನೇ ಸಾರಿಸಿದ್ದು. ಗಾಡಿ ಹೊರಡಲಿಲ್ಲ. ಪ್ಲಗ್ಗು ಕಿತ್ತು ಮತ್ತೆ ಚುಚ್ಚಿದೆ. ಅವಸರದಲ್ಲಿ ಬೊಟ್ಟು ನೋಡಲಿಲ್ಲ. ಸುರಂಗದ ಹತ್ತಿರ ಹಳಿ ಕಪ್ಪಾಗಿದೆ, ಒರೆಸು ಎಂದು ನಾನೇ ಕೂಗಿದೆ. ಅವಳು ಎಡಗೈಯಲ್ಲಿ ಮೇಜಿನ ಕಬ್ಬಿಣದ ಕಾಲು ಹಿಡಿದು ಬಗ್ಗಿ, ಬಲಗೈಯ ಒದ್ದೆ ಬಟ್ಟೆಯನ್ನು ಹಳಿಯ ಮೇಲೆ ಇಟ್ಟಳು.

ಕೂಗಲಿಲ್ಲ. ಅಲ್ಲಾಡಲೂ ಇಲ್ಲ. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಆಟ ಆಡುತ್ತಾಳೆ ಅಂದುಕೊಂಡು, "ಕೈ ತಗಿಯಮ್ಮಿ, ಐಕ್ಳು ಕಾಯ್ತಾವೆ," ಅಂದೆ. ಇನ್ನೊಂದು ಸಲವೂ ಅಂದೆ. ಆಮೇಲೆ ವಾಸನೆ ಬಂತು. ವೈರು ಹಿಡಿದು ಜಗ್ಗಿದೆ. ಎರಡು ಸಲ ಹೇಳುವಷ್ಟು ಹೊತ್ತು ಎಷ್ಟು ಎಂದು ಈಗ ದಿನಾ ಮನಸ್ಸಿನಲ್ಲೇ ಹೇಳಿ ನೋಡುತ್ತೇನೆ.

ಬಲಗೈಯ ಮೂರು ಬೆರಳು ತೆಗೆದದ್ದು ನಿನಗೆ ಗೊತ್ತು. ಮಿಕ್ಕ ಎರಡು ಈಗಲೂ ಮಡಚುವುದಿಲ್ಲ. ಎಡಗೈಯಲ್ಲಿ ಉಣ್ಣುತ್ತಾಳೆ. ಯಾರಾದರೂ ಮನೆಗೆ ಬಂದರೆ ಅವರು ಹೋಗುವವರೆಗೂ ತಟ್ಟೆ ಮುಟ್ಟುವುದಿಲ್ಲ. ರೈಲನ್ನು ನಾಗಮಂಗಲದಲ್ಲೇ ತೂಕಕ್ಕೆ ಹಾಕಿ ಬಂದೆ.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು. "ನಿಮ್ಗೆ ಗೊತ್ತಿತ್ತಾ?"

ಇಲ್ಲ ಅಂದೆ.

ಅದಾದ ಮೇಲೆ ಅವಳು ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ. ನಂಬಿದ್ದಾಳೋ ಇಲ್ಲವೋ ತಿಳಿಯದು. ಐವತ್ತೆರಡು ವರ್ಷ ಬಾಯಿಗೆ ಬಂದದ್ದೆಲ್ಲ ಆಡಿದ್ದೇನೆ, ಇದೊಂದು ಬಾಯಿಗೆ ಬರುವುದಿಲ್ಲ. ಅವಳಿಗೆ ಓದಲು ಬರುವುದಿಲ್ಲ. ನೀನು ಮುಂದಿನ ಸಲ ಬಂದಾಗ ಈ ಕಾಗದವನ್ನು ಒಂದು ಅಕ್ಷರವೂ ಬಿಡದೆ ಅವಳ ಎದುರಿಗೆ ಓದು. ನಾನು ಜಗಲಿಯ ಮೇಲೆ ಕೂತಿರುತ್ತೇನೆ. ಅವಳು ಏನು ಹೇಳಿದರೂ ಸರಿ.

ಓದುವಾಗ ಇದನ್ನೂ ಸೇರಿಸಿ ಓದು. ಅವಳ ತವರಿನವರು ಅವಳ ಹೆಸರಿಗೆ ಕೊಟ್ಟಿದ್ದ ನಾಲೆ ಬಯಲಿನ ಹನ್ನೆರಡು ಗುಂಟೆ ಗದ್ದೆಯನ್ನು ಗುತ್ತಿಗೆಗೆ ಹಾಕಿದ್ದೇನೆ ಎಂದು ಹೇಳಿದ್ದೆ. ಗುತ್ತಿಗೆಯಲ್ಲ, ಮಾರಿದ್ದೇನೆ. ಅವಳು ಹೆಬ್ಬೆಟ್ಟು ಒತ್ತಿದ್ದು ಕ್ರಯಪತ್ರಕ್ಕೆ. ರೈಲಿಗೆ, ಬಾಡಿಗೆಗೆ, ಲಾರಿಗೆ ಎಲ್ಲ ಸೇರಿ ಆರು ಸಾವಿರ ಹೋಯಿತು ಎಂದು ಅವಳಿಗೂ ಊರಿಗೂ ಹೇಳಿಕೊಂಡು ಬಂದಿದ್ದೇನೆ. ಹೋದದ್ದು ಐವತ್ತಮೂರು ಸಾವಿರದ ನಾನೂರು ರೂಪಾಯಿ.

ಚಿಕ್ಕಸ್ವಾಮಿ